ಬಡಿತ ನಿಲ್ಲಿಸದೆ ಇಂಧನ ಬದಲಿಸುವ ಹೃದಯ: ಧಾರಾವಿಯಲ್ಲಿ ಅತ್ತೆ ಕೇಳಿದ ಪ್ರಶ್ನೆ

ಹೋದ ಭಾನುವಾರದ ವಿಡಿಯೊ ಉದ್ದ ಆಯ್ತು, ಲೋಕಲ್‌ನಲ್ಲಿ ನಿಂತ್ಕೊಂಡು ನೋಡೋಕಾಗಲ್ಲ, ಬರೆದು ಹಾಕಿ ಅಂತ ಸುಮಾರು ಜನ ಕೇಳಿದ್ದೀರಿ. ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ, ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಒಂದೆರಡು ವಿಷಯ ಸೇರಿಸಿ ಇಲ್ಲಿ ಹಾಕಿದ್ದೇನೆ. ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಎಂಟೆಕ್ ಮಾಡಿ ಬಿಕೆಸಿಯಲ್ಲಿ ಕೋಡ್ ಬರೆಯೋನು. ಮನೆಯಲ್ಲಿ ಪುಟ್ಟ ಕೂಸಿದ್ದರೆ ನಿಮ್ಮ ಡಾಕ್ಟರ್ ಹೇಳಿದ್ದನ್ನೇ ಕೇಳಿ, ನನ್ನ ಮಾತನ್ನಲ್ಲ.

ನನ್ನ ಸೋದರತ್ತೆ ಇರೋದು ಧಾರಾವಿಯಲ್ಲಿ. ವಿಜಯಪುರ ಕಡೆಯಿಂದ ಮಾಮ ಚರ್ಮದ ಬ್ಯಾಗು ಹೊಲಿಯೋ ಕೆಲಸಕ್ಕೆ ಬಂದವರು, ಆಮೇಲೆ ಅಲ್ಲೇ ಉಳಿದರು. ನನ್ನ ಆಫೀಸಿನ ಕಿಟಕಿಯಿಂದ ನೋಡಿದರೆ ಮಿಠಿ ನದಿಯ ಆಚೆ ಅವರ ಮನೆ ಇರೋ ಕಡೆ ಕಾಣುತ್ತೆ. ನೀಲಿ ತಾಡಪತ್ರಿ, ಪತ್ರಾಸಿನ ಮಾಡು. ನಡೆದರೆ ಅರ್ಧ ಗಂಟೆ. ಆದರೂ ವರ್ಷಕ್ಕೆ ಮೂರು ಸಲ ಹೋದರೆ ಹೆಚ್ಚು.

ಅತ್ತೆಯ ಸೊಸೆಗೆ ಎಂಟು ವಾರ ಮುಂಚೆಯೇ ಹೆರಿಗೆ ಆಯ್ತು. ಕೂಸು ಅಂಗೈ ಮೇಲೆ ಮಲಗಿಸಬಹುದು ಅನ್ನೋ ಹಾಗಿತ್ತು. ತಾಯಿಗೆ ಮೊದಲ ಎರಡು ದಿನ ಹಾಲು ಸರಿಯಾಗಿ ಇಳೀಲಿಲ್ಲ. ಕೂಸಿಗೆ ಇನ್ನೊಬ್ಬ ತಾಯಿಯ ಹಾಲನ್ನ ಸಣ್ಣ ನಳಿಕೆಯಿಂದ ಕೊಡ್ತಾ ಇದ್ದರು. ಅತ್ತೆ ಊರಿನ ಪದ್ಧತಿಯಂತೆ ಒಂದು ಚಮಚ ಬೆಲ್ಲದ ನೀರು ಕುಡಿಸ್ತೀನಿ ಅಂತ ಹೋದರೆ ಸಿಸ್ಟರ್ ಬೈದು ಕಳಿಸಿದ್ದಾರೆ. ನಾನು ನೋಡೋಕೆ ಹೋದಾಗ ವರಾಂಡದಲ್ಲಿ ಹಿಡಿದುಕೊಂಡು ಕೇಳಿದರು:

“ತಮ್ಮಾ, ಸೊಸಿಗಿ ಶುಗರ್ ಟೆಸ್ಟ್ ಮಾಡ್ಸಿದಾಗ ಡಾಕ್ಟ್ರೇ ಹೇಳಿದ್ರು, ತಾಯಿ ಮೈಯಾಗಿನ ಸಕ್ರಿನೇ ಕೂಸಿಗಿ ಹೋಗತದಂತ. ನಿನ್ನಿ ತನಕಾ ಹೊಟ್ಯಾಗ ಸಕ್ರಿ ಉಂಡ ಕೂಸಿಗಿ ಇವತ್ತ ಸಕ್ರಿ ಯಾಕ ಬ್ಯಾಡ? ನೀ ಅಷ್ಟ ಓದೀದಿ, ಹೇಳಪಾ.”

ನನ್ನ ಹತ್ತಿರ ಉತ್ತರ ಇರಲಿಲ್ಲ. “ಇನ್‌ಫೆಕ್ಷನ್ ಆಗ್ತದ ಅತ್ತಿ” ಅಂತ ಏನೋ ಹೇಳಿ ಜಾರಿಕೊಂಡೆ. ಅದು ಸುಳ್ಳೇನಲ್ಲ. ಆದರೆ ಅವರು ಕೇಳಿದ್ದು ಅದಲ್ಲ. ನಿನ್ನೆ ನಡೆದದ್ದು ಇವತ್ತು ಯಾಕೆ ನಡೆಯಲ್ಲ ಅನ್ನೋದು ಅವರ ಪ್ರಶ್ನೆ. ಆ ರಾತ್ರಿ ಹುಡುಕೋಕೆ ಕೂತವನು ಎರಡು ತಿಂಗಳು ಅದರಲ್ಲೇ ಮುಳುಗಿದೆ. ಯಾಕೆಂದರೆ ಈ ಪ್ರಶ್ನೆಯ ಹಿಂದೆ ಸುಮಾರು 350 ವರ್ಷದ ಇತಿಹಾಸ ಇದೆ, ಮತ್ತು ಅದರ ಒಂದು ತುಂಡು ಧಾರಾವಿಯ ಮಗ್ಗುಲಲ್ಲೇ ನಡೆದದ್ದು.

ಮೊದಲು ಸಮಸ್ಯೆ ಏನು ಅಂತ ನೋಡೋಣ. ತಾಯಿಯ ಹೊಟ್ಟೆಯಲ್ಲಿ ಮೂರು ವಾರ ಕಳೆಯುವಷ್ಟರಲ್ಲಿ ಹೃದಯ ಬಡಿಯೋಕೆ ಶುರು ಮಾಡುತ್ತೆ. ಅಲ್ಲಿಂದ ಸಾಯೋ ತನಕ ರಜೆ ಇಲ್ಲ. ದೊಡ್ಡವರ ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತೆ. ಅದಕ್ಕೆ ಬೇಕಾದ ಶಕ್ತಿಯ ನಾಣ್ಯ ಎಟಿಪಿ ಅನ್ನೋ ಅಣು. ಹೃದಯದ ಜೀವಕೋಶಗಳಲ್ಲಿ ಒಂದು ಹೊತ್ತಿಗೆ ಇರುವ ಎಟಿಪಿ ಕೆಲವೇ ಸೆಕೆಂಡುಗಳಿಗೆ ಸಾಕಾಗುವಷ್ಟು ಮಾತ್ರ. ಬಫರ್ ಅನ್ನೋದೇ ಇಲ್ಲ. ಹಾಗಾಗಿ ಇಂಧನ ಉರಿಯೋದು ಒಂದು ಕ್ಷಣವೂ ನಿಲ್ಲೋ ಹಾಗಿಲ್ಲ. ಈ ಎಟಿಪಿಯನ್ನ ಹೊಟ್ಟೆಯೊಳಗಿನ ಹೃದಯ ಮುಖ್ಯವಾಗಿ ಗ್ಲೂಕೋಸ್ ಮತ್ತು ಲ್ಯಾಕ್ಟೇಟ್‌ನಿಂದ ಮಾಡಿಕೊಳ್ಳುತ್ತೆ. ದೊಡ್ಡವರ ಹೃದಯ ಅದರ ಅರ್ಧಕ್ಕಿಂತ ಹೆಚ್ಚು ಭಾಗವನ್ನ, ಸಾಮಾನ್ಯವಾಗಿ 60ರಿಂದ 70 ಶೇಕಡಾ ಅಂತಾರೆ, ಕೊಬ್ಬಿನಿಂದ ಮಾಡಿಕೊಳ್ಳುತ್ತೆ. ಈ ಎರಡರ ನಡುವಿನ ಬದಲಾವಣೆಯ ದೊಡ್ಡ ಪಾಲು ಹುಟ್ಟಿದ ಮೊದಲ ದಿನಗಳಲ್ಲೇ ಆಗಬೇಕು.

ಪ್ರೊಡಕ್ಷನ್‌ನಲ್ಲಿ ಓಡ್ತಾ ಇರೋ ಸಿಸ್ಟಮ್ಮಿನ ಡೇಟಾಬೇಸನ್ನೇ ಬದಲಾಯಿಸಿದವರಿಗೆ ಇದರ ಭಯ ಗೊತ್ತಿರುತ್ತೆ. ನಾವು ಶನಿವಾರ ರಾತ್ರಿ ಎರಡು ಗಂಟೆಗೆ ಡೌನ್‌ಟೈಮ್ ತಗೊಂಡು, ಮ್ಯಾನೇಜರ್ ಕೈಲಿ ಸಹಿ ಹಾಕಿಸಿಕೊಂಡು, ದೇವರಿಗೆ ಕೈಮುಗಿದು ಮಾಡೋ ಕೆಲಸವನ್ನ ಹಸುಗೂಸು ಮೊದಲ ಉಸಿರು ಎಳೆದ ಮೇಲೆ, ಬಡಿತ ನಿಲ್ಲಿಸದೆ ಮಾಡುತ್ತೆ.

ಇದರ ಮೊದಲ ಸುಳಿವು ಸಿಕ್ಕಿದ್ದು ಒಂದು ಕ್ರೂರ ಪ್ರಯೋಗದಲ್ಲಿ. 1670ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬಾಯ್ಲ್, ನಾವು ಪಿಯುಸಿಯಲ್ಲಿ ಓದಿದ ಬಾಯ್ಲ್ ನಿಯಮದವನೇ, ಗಾಳಿ ತೆಗೆದ ಗಾಜಿನ ಪಾತ್ರೆಯಲ್ಲಿ ಪ್ರಾಣಿಗಳನ್ನಿಟ್ಟು ನೋಡ್ತಿದ್ದ. ಆಗತಾನೆ ಹುಟ್ಟಿದ ಬೆಕ್ಕಿನ ಮರಿಗಳು ಗಾಳಿ ಇಲ್ಲದೆ ಬೇರೆ ಪ್ರಾಣಿಗಳಿಗಿಂತ ಹೆಚ್ಚು ಹೊತ್ತು ತಡೆದುಕೊಂಡವು. ಹೊಟ್ಟೆಯೊಳಗೆ ಗಾಳಿ ಇಲ್ಲದೆ ಇದ್ದ ಅಭ್ಯಾಸ ಇನ್ನೂ ಉಳಿದಿರಬಹುದು ಅಂತ ಅವನ ಊಹೆ. ಆಮ್ಲಜನಕ ಅನ್ನೋ ಹೆಸರೇ ಇನ್ನೂ ಹುಟ್ಟಿರದ ಕಾಲ ಅದು. ಊಹೆ ಮಾತ್ರ ಸರಿಯಾದ ದಿಕ್ಕಿನಲ್ಲೇ ಇತ್ತು.

ಈ ಅಭ್ಯಾಸ ಅಂದರೆ ಏನು ಅಂತ ಅಳತೆ ಮಾಡಿ ತೋರಿಸೋಕೆ ಇಪ್ಪತ್ತನೇ ಶತಮಾನ ಬರಬೇಕಾಯ್ತು. ಕೇಂಬ್ರಿಜ್‌ನ ಜೋಸೆಫ್ ಬಾರ್‌ಕ್ರಾಫ್ಟ್ ಮೊದಲು ಪೆರು ದೇಶದ ಬೆಟ್ಟಗಳ ಮೇಲೆ ಹೋಗಿ, ಗಾಳಿ ತೆಳುವಾದಾಗ ಮನುಷ್ಯರ ರಕ್ತ ಏನಾಗುತ್ತೆ ಅಂತ ನೋಡಿದವರು. ಆಮೇಲೆ 1930ರ ದಶಕದಲ್ಲಿ ಕುರಿಗಳ ಹೊಟ್ಟೆಯೊಳಗಿನ ಮರಿಗಳ ಕಡೆ ತಿರುಗಿದರು. ಹೊಟ್ಟೆಯೊಳಗಿನ ಮರಿ ಎವರೆಸ್ಟ್ ಮೇಲೆ ಕೂತ ಹಾಗೆ ಅನ್ನೋ ಪ್ರಸಿದ್ಧ ಹೋಲಿಕೆ ಹರಡಿದ್ದು ಅವರ ಕೆಲಸದಿಂದ. ನಮ್ಮ ಅಪಧಮನಿಯಲ್ಲಿ ಆಮ್ಲಜನಕದ ಒತ್ತಡ 100 ಮಿಲಿಮೀಟರ್ ಪಾದರಸದ ಹತ್ತಿರ ಇದ್ದರೆ, ಮಾಸಿನಿಂದ ಕೂಸಿನ ಕಡೆಗೆ ಹೋಗೋ ಅತ್ಯಂತ ಒಳ್ಳೆಯ ರಕ್ತದಲ್ಲೂ ಅದು 30ರ ಆಸುಪಾಸು.

ಇಷ್ಟು ಕಡಿಮೆ ಆಮ್ಲಜನಕ ಇರೋ ಕಡೆ ಯಾವ ಇಂಧನ ಒಳ್ಳೇದು? ಇಲ್ಲಿ ಲೆಕ್ಕ ಹಾಕಿದರೆ ಅತ್ತೆಯ ಪ್ರಶ್ನೆಯ ಅರ್ಧ ಉತ್ತರ ಸಿಗುತ್ತೆ. ಒಂದು ಗ್ಲೂಕೋಸ್ ಅಣುವನ್ನ ಪೂರ್ತಿ ಸುಟ್ಟರೆ 6 ಆಮ್ಲಜನಕದ ಅಣು ಖರ್ಚಾಗಿ 30ರಿಂದ 32 ಎಟಿಪಿ ಬರುತ್ತೆ. ಪಾಲ್ಮಿಟಿಕ್ ಆಮ್ಲ ಅನ್ನೋ ಸಾಮಾನ್ಯ ಕೊಬ್ಬಿನಾಮ್ಲದ ಒಂದು ಅಣು 106 ಎಟಿಪಿ ಕೊಡುತ್ತೆ, ಆದರೆ 23 ಆಮ್ಲಜನಕದ ಅಣು ತಿನ್ನುತ್ತೆ. ಭಾಗಿಸಿ ನೋಡಿ. ಒಂದು ಆಮ್ಲಜನಕಕ್ಕೆ ಸಕ್ಕರೆಯಿಂದ ಐದಕ್ಕಿಂತ ಸ್ವಲ್ಪ ಹೆಚ್ಚು, ಕೊಬ್ಬಿನಿಂದ ನಾಲ್ಕೂವರೆ ಚಿಲ್ಲರೆ. ಅಂದರೆ ಆಮ್ಲಜನಕ ದುಬಾರಿ ಆದಾಗ ಸಕ್ಕರೆ ಲಾಭ. ಜೊತೆಗೆ ಸಕ್ಕರೆಗೆ ಇನ್ನೊಂದು ಗುಣ ಇದೆ. ಆಮ್ಲಜನಕ ಪೂರ್ತಿ ನಿಂತುಹೋದರೂ ಒಂದು ಗ್ಲೂಕೋಸಿನಿಂದ 2 ಎಟಿಪಿಯಾದರೂ ಬರುತ್ತೆ. ಕೊಬ್ಬಿನಿಂದ ಸೊನ್ನೆ.

ಆ ‘2 ಎಟಿಪಿ’ ಎಷ್ಟು ಮುಖ್ಯ ಅಂತ ತೋರಿಸಿದ್ದು ಆಕ್ಸ್‌ಫರ್ಡಿನಲ್ಲಿ. 1959ರಲ್ಲಿ ಜೆಫ್ರಿ ಡಾಸ್, ಜೋನ್ ಮಾಟ್, ಹೆದರ್ ಶೆಲ್ಲಿ ಮೂವರು ಸೇರಿ ಒಂದು ಲೇಖನ ಪ್ರಕಟಿಸಿದರು. ಆಮ್ಲಜನಕ ಸಿಗದೇ ಹೋದಾಗ ಕುರಿಮರಿ ಮತ್ತು ಬೇರೆ ನವಜಾತ ಪ್ರಾಣಿಗಳು ಎಷ್ಟು ಹೊತ್ತು ಬದುಕಿರ್ತವೆ ಅನ್ನೋದು ಅವುಗಳ ಹೃದಯದಲ್ಲಿ ಎಷ್ಟು ಗ್ಲೈಕೋಜನ್ ಕೂಡಿಟ್ಟಿದೆ ಅನ್ನೋದರ ಮೇಲೆ ನಿಂತಿದೆ ಅಂತ ಅವರು ತೋರಿಸಿದರು. ಗ್ಲೈಕೋಜನ್ ಅಂದರೆ ಸಕ್ಕರೆಯನ್ನ ಸರಪಳಿ ಮಾಡಿ ಕಟ್ಟಿಟ್ಟ ಗಂಟು. ಅದನ್ನ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ನೂರು ವರ್ಷ ಮೊದಲೇ, 1857ರಲ್ಲಿ, ಬೇರ್ಪಡಿಸಿದ್ದ. ಹೊಟ್ಟೆಯೊಳಗಿನ ಮರಿಯ ಹೃದಯ ಈ ಗಂಟನ್ನ ದೊಡ್ಡ ಪ್ರಾಣಿಗಿಂತ ಹಲವು ಪಟ್ಟು ಹೆಚ್ಚು ಇಟ್ಟುಕೊಂಡಿರುತ್ತೆ. ಹೆರಿಗೆಯ ದಾರಿಯಲ್ಲಿ ಹೊಕ್ಕುಳಬಳ್ಳಿ ಒತ್ತಿಹೋಗಿ ಉಸಿರು ಕಟ್ಟಿದರೆ ಅಂತ ಕಟ್ಟಿಕೊಂಡ ಬುತ್ತಿ. ಬಾಯ್ಲ್ ನೋಡಿದ ಬೆಕ್ಕಿನ ಮರಿಗಳ ಹಿಂದೆ ಇದ್ದ ಗುಟ್ಟಿನಲ್ಲಿ ಒಂದು ಇದೇ. ಉತ್ತರ ಬರೋಕೆ 289 ವರ್ಷ ಬೇಕಾಯ್ತು.

ಇನ್ನು ಕೊಬ್ಬಿನ ಕಡೆ ಬರೋಣ. ಅದರ ಕತೆ ಬೇರೆಯೇ ದಾರಿಯಲ್ಲಿ ನಡೆದದ್ದು. 1904ರಲ್ಲಿ ಜರ್ಮನಿಯ ಫ್ರಾಂಜ್ ಕ್ನೂಪ್ ಕೊಬ್ಬಿನಾಮ್ಲಗಳ ಬಾಲಕ್ಕೆ ದೇಹ ಅರಗಿಸಿಕೊಳ್ಳಲಾರದ ಒಂದು ಉಂಗುರ ಅಂಟಿಸಿ ನಾಯಿಗಳಿಗೆ ತಿನ್ನಿಸಿದರು. ನಾಯಿಯ ಮೂತ್ರದಲ್ಲಿ ಆ ಉಂಗುರ ಯಾವ ತುಂಡಿನ ಜೊತೆ ಹೊರಬರುತ್ತೆ ಅಂತ ನೋಡಿ, ದೇಹ ಕೊಬ್ಬನ್ನ ಎರಡೆರಡು ಕಾರ್ಬನ್ ಕತ್ತರಿಸುತ್ತಾ ಹೋಗುತ್ತೆ ಅಂತ ಹೇಳಿದರು. ನನ್ನ ಲೆಕ್ಕದಲ್ಲಿ ಇದು ಜಗತ್ತಿನ ಅತ್ಯಂತ ಚೆಂದದ ಡೀಬಗ್ಗಿಂಗ್. ಒಳಗೆ ನೋಡೋಕೆ ಏನೂ ಉಪಾಯ ಇಲ್ಲ, ಒಂದು ಗುರುತು ಅಂಟಿಸಿ ಲಾಗ್ ಓದಿದ್ದು ಅಷ್ಟೇ. ಆ ಕತ್ತರಿ ಇರೋದು ಮೈಟೊಕಾಂಡ್ರಿಯಾದೊಳಗೆ ಅಂತ ಯುಜೀನ್ ಕೆನಡಿ ಮತ್ತು ಆಲ್ಬರ್ಟ್ ಲೆನಿಂಜರ್ 1940ರ ದಶಕದ ಕೊನೆಯಲ್ಲಿ ತೋರಿಸಿದರು. ಬಯೋಟೆಕ್ ಓದಿದವರಿಗೆ ಲೆನಿಂಜರ್ ಅಂದರೆ ಆ ದಪ್ಪ ಪುಸ್ತಕ. ಹೌದು, ಅವರೇ. 1950ರ ದಶಕದಲ್ಲಿ ರಿಚರ್ಡ್ ಬಿಂಗ್ ಬದುಕಿರೋ ಮನುಷ್ಯರ ಹೃದಯದಿಂದ ಹೊರಬರೋ ರಕ್ತವನ್ನ ಕ್ಯಾಥೆಟರ್ ಹಾಕಿ ತೆಗೆದು, ಒಳಹೋಗೋ ರಕ್ತದ ಜೊತೆ ಹೋಲಿಸಿ ನೋಡಿದರು. ಹೃದಯ ಸಕ್ಕರೆಗಿಂತ ಕೊಬ್ಬನ್ನೇ ಹೆಚ್ಚು ನೆಚ್ಚಿದೆ ಅನ್ನೋದು ಆಗ ಗೊತ್ತಾಯ್ತು.

ಹೀಗೆ ಎರಡು ಗುಂಪು ಎರಡು ಕಡೆ. ಹುಟ್ಟುವ ಮುಂಚಿನ ಹೃದಯ ಸಕ್ಕರೆಯದು ಅಂತ ಒಬ್ಬರು, ದೊಡ್ಡವರ ಹೃದಯ ಕೊಬ್ಬಿನದು ಅಂತ ಇನ್ನೊಬ್ಬರು. ನಡುವೆ ಯಾವಾಗ ಬದಲಾಯ್ತು?

1980ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಫಿಶರ್, ಹೇಮನ್, ರುಡಾಲ್ಫ್ ಅನ್ನೋ ಮೂವರು ಹೊಟ್ಟೆಯೊಳಗೇ ಇರುವ ಕುರಿಮರಿಯ ಹೃದಯದ ಲೆಕ್ಕ ತೆಗೆದರು. ಅದು ಬಳಸಿದ ಆಮ್ಲಜನಕದ ಲೆಕ್ಕ ಬಹುತೇಕ ಗ್ಲೂಕೋಸ್ ಮತ್ತು ಲ್ಯಾಕ್ಟೇಟ್ ಸುಡೋದರಲ್ಲೇ ಮುಗಿದುಹೋಗ್ತಿತ್ತು. ಲ್ಯಾಕ್ಟೇಟ್ ಅಂದರೆ ಜಿಮ್‌ನಲ್ಲಿ ಕಾಲು ನೋವು ಬಂದಾಗ ನಾವು ಬೈಯೋ ವಸ್ತು. ಕೂಸಿನ ಹೃದಯಕ್ಕೆ ಅದು ಊಟ. 1991ರಲ್ಲಿ ಕೆನಡಾದ ಆಲ್ಬರ್ಟಾದಲ್ಲಿ ಗ್ಯಾರಿ ಲೊಪಾಶುಕ್ ತಂಡ ಮೊಲದ ಮರಿಗಳ ಹೃದಯವನ್ನ ದಿನದ ಲೆಕ್ಕದಲ್ಲಿ ನೋಡಿತು. ಒಂದು ದಿನದ ಮರಿಯಲ್ಲಿ ಎಟಿಪಿಯ ಅರ್ಧಕ್ಕೆ ಹತ್ತಿರದ ಪಾಲು ಆಮ್ಲಜನಕ ಬೇಡದ ಸಕ್ಕರೆಯ ದಾರಿಯಿಂದ. ಏಳು ದಿನದ ಮರಿಯಲ್ಲಿ ಅದೇ ದಾರಿಯ ಪಾಲು ಹತ್ತನೇ ಒಂದಕ್ಕೂ ಕಡಿಮೆ. ಒಂದೇ ವಾರ!

ಕೊಬ್ಬು ಸುಡೋ ಯಂತ್ರ ಮುಂಚೆಯೂ ಸ್ವಲ್ಪ ಇತ್ತು. ಆದರೆ ಬ್ರೇಕ್ ಹಾಕಿತ್ತು. ಬ್ರೇಕಿನ ಹೆಸರು ಮ್ಯಾಲೋನಿಲ್-ಕೋಎ. 1977ರಲ್ಲಿ ಡಲ್ಲಾಸ್‌ನ ಮೆಕ್‌ಗ್ಯಾರಿ ಮತ್ತು ಫಾಸ್ಟರ್ ಯಕೃತ್ತಿನಲ್ಲಿ ಮೊದಲು ಕಂಡದ್ದು. ಈ ಅಣು ಹೆಚ್ಚಿದ್ದರೆ ಕೊಬ್ಬಿನಾಮ್ಲ ಮೈಟೊಕಾಂಡ್ರಿಯಾದ ಬಾಗಿಲು ದಾಟಲ್ಲ. ಹುಟ್ಟಿದ ಮೇಲೆ ಇನ್ಸುಲಿನ್ ಇಳಿಯುತ್ತೆ, ಬೇರೆ ಹಾರ್ಮೋನು ಏರುತ್ತೆ, ಹೃದಯದಲ್ಲಿ ಮ್ಯಾಲೋನಿಲ್-ಕೋಎ ಕಡಿಮೆಯಾಗುತ್ತೆ, ಬಾಗಿಲು ತೆರೆಯುತ್ತೆ. ಅದೇ ಹೊತ್ತಿಗೆ ಶ್ವಾಸಕೋಶ ಗಾಳಿ ಎಳೆದು ಆಮ್ಲಜನಕಕ್ಕೆ ಇದ್ದ ಬರ ಮುಗಿದಿರುತ್ತೆ. ಹೃದಯದ ಎಡಭಾಗ ಇನ್ನು ಮೇಲೆ ಇಡೀ ದೇಹಕ್ಕೆ ಹೆಚ್ಚಿನ ಒತ್ತಡದಲ್ಲಿ ರಕ್ತ ತಳ್ಳಬೇಕು, ಅಂದರೆ ಖರ್ಚು ಏರಿದೆ. ಆಮ್ಲಜನಕ ಅಗ್ಗ ಆದಾಗ, ಒಂದೊಂದು ಅಣುವಿಗೆ ಹೆಚ್ಚು ಎಟಿಪಿ ಕೊಡೋ ಕೊಬ್ಬೇ ಲಾಭ.

ಮತ್ತು ಆ ಕೊಬ್ಬು ಬರೋದು ಎಲ್ಲಿಂದ? ಹೊಕ್ಕುಳಬಳ್ಳಿ ಕತ್ತರಿಸಿದ ಕ್ಷಣ ಸಕ್ಕರೆಯ ಪೈಪ್‌ಲೈನ್ ನಿಂತಿತು. ಮುಂದಿನ ಪೂರೈಕೆ ತಾಯಿಯ ಹಾಲು. ಎದೆಹಾಲಿನ ಶಕ್ತಿಯಲ್ಲಿ ಸುಮಾರು ಅರ್ಧ ಬರೋದು ಅದರ ಕೊಬ್ಬಿನಿಂದ.

ಈಗ ಅತ್ತೆಯ ಊರಿಗೆ, ಅಂದರೆ ಧಾರಾವಿಗೆ, ವಾಪಸ್ ಬರ್ತೀನಿ. ಕೆನಡಾದಲ್ಲಿ ಮೊಲದ ಮರಿಗಳ ಹೃದಯದ ಲೆಕ್ಕ ನಡೀತಿದ್ದ ಹೊತ್ತಿಗೇ ಇಲ್ಲೊಂದು ಕೆಲಸ ಶುರುವಾಗಿತ್ತು. ಧಾರಾವಿಯ ಮಗ್ಗುಲಲ್ಲೇ ಸಾಯನ್ ಆಸ್ಪತ್ರೆ ಇದೆ. ಪೂರ್ತಿ ಹೆಸರು ಲೋಕಮಾನ್ಯ ತಿಲಕ್ ಮುನಿಸಿಪಲ್ ಜನರಲ್ ಆಸ್ಪತ್ರೆ. ಧಾರಾವಿಯೊಳಗಿರೋ ಅದರ ಆರೋಗ್ಯ ಕೇಂದ್ರವನ್ನ ಜನ ‘ಛೋಟಾ ಸಾಯನ್’ ಅಂತಾರೆ. ಇಲ್ಲಿ ನವಜಾತ ಶಿಶುಗಳ ವಿಭಾಗ ನೋಡಿಕೊಳ್ತಿದ್ದವರು ಡಾ. ಅರ್ಮಿಡಾ ಫರ್ನಾಂಡಿಸ್. ತೂಕ ಕಡಿಮೆ ಇರೋ, ದಿನ ತುಂಬದ ಕೂಸುಗಳು, ಒಂದರ ಪಕ್ಕ ಒಂದು. ಬಾಟಲಿ ಮತ್ತು ಡಬ್ಬಿ ಹಾಲಿನ ಜೊತೆ ಸೋಂಕು ಬರೋ ಜಾಗ. ಅವರು ಆ ಎರಡನ್ನೂ ದೂರ ಇಟ್ಟು ತಾಯಿಯ ಹಾಲಿಗೇ ತಿರುಗಿದರು. ಸ್ವಂತ ತಾಯಿಯ ಹಾಲು ಸಾಲದ ಕೂಸುಗಳಿಗೆ ಬೇರೆ ತಾಯಂದಿರ ಹಾಲು ಸಿಗಲಿ ಅಂತ 1989ರಲ್ಲಿ ಹಾಲಿನ ಬ್ಯಾಂಕ್ ತೆರೆದರು. ಏಷ್ಯಾದಲ್ಲೇ ಮೊದಲನೆಯದು. ಜಗತ್ತಿನ ಮೊದಲನೆಯದು ವಿಯೆನ್ನಾದಲ್ಲಿ 1909ರಲ್ಲಿ ಶುರುವಾಗಿತ್ತು, ಇ. ಕೊಲೈ ಬ್ಯಾಕ್ಟೀರಿಯಾ ಕಂಡುಹಿಡಿದ ಥಿಯೋಡರ್ ಎಶೆರಿಶ್ ಅವರಿಂದ. ಅಲ್ಲಿಂದ ಇಲ್ಲಿಗೆ ಬರೋಕೆ 80 ವರ್ಷ. ಫರ್ನಾಂಡಿಸ್ ಅವರು ಆಮೇಲೆ 1999ರಲ್ಲಿ ‘ಸ್ನೇಹಾ’ ಅನ್ನೋ ಸಂಸ್ಥೆ ಕಟ್ಟಿದರು. ಧಾರಾವಿಯ ಓಣಿಗಳಲ್ಲಿ ಬಸುರಿ ಬಾಣಂತಿಯರ ಮನೆಗೆ ಹೋಗಿ ಕೆಲಸ ಮಾಡೋರು ಅವರದೇ ಜನ.

ಹಾಲಿನ ಬ್ಯಾಂಕಿನ ಕೆಲಸ ಹೇಗೆ ಅಂದರೆ, ಹೆರಿಗೆಯಾದ ತಾಯಂದಿರಲ್ಲಿ ಯಾರಿಗೆ ಕೂಸು ಕುಡಿದು ಮಿಕ್ಕುವಷ್ಟು ಹಾಲಿದೆಯೋ ಅವರ ರಕ್ತ ಪರೀಕ್ಷೆ ಮಾಡಿ, ಒಪ್ಪಿಗೆ ಪಡೆದು ಹಾಲು ಪಡೀತಾರೆ. ಅದನ್ನ 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ, ಥಟ್ಟನೆ ತಣ್ಣಗೆ ಮಾಡಿ, ಕ್ರಿಮಿ ಇದೆಯಾ ಅಂತ ಕಲ್ಚರ್ ಮಾಡಿ ನೋಡಿ, ಮೈನಸ್ 20 ಡಿಗ್ರಿಯಲ್ಲಿ ಇಡ್ತಾರೆ. ಕೂಸಿಗೆ ನಳಿಕೆಯಿಂದ, ಆಮೇಲೆ ವಾಟಿ ಚಮಚದಿಂದ ಕೊಡ್ತಾರೆ. ನಮ್ಮ ಹಳೇ ಮನೆಗಳಲ್ಲಿ ಇರ್ತಿದ್ದ ಒಳಲೆ ನೆನಪಿದೆಯಾ? ಮೂತಿ ಇರೋ ಪುಟ್ಟ ಬಟ್ಟಲು. ದಕ್ಷಿಣದ ಎಷ್ಟೋ ಆಸ್ಪತ್ರೆಗಳಲ್ಲಿ ದಿನ ತುಂಬದ ಕೂಸುಗಳಿಗೆ ಈಗಲೂ ಅದರದೇ ಸ್ಟೀಲ್ ತಮ್ಮ ಕೆಲಸಕ್ಕೆ ಬರುತ್ತೆ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ವಿಡಿಯೊದಲ್ಲಿ ನಾನು ಇದನ್ನ ಗಡಿಬಿಡಿಯಲ್ಲಿ ಹೇಳಿದ್ದೆ. 1989ರಲ್ಲಿ ಸಾಯನ್‌ನಲ್ಲಿ ಯಾರೂ ಹೃದಯದ ಇಂಧನ ಬದಲಾವಣೆಗೆ ಅಂತ ಹಾಲು ಕೊಡಲಿಲ್ಲ. ಸೋಂಕು ತಪ್ಪಲಿ, ದಿನ ತುಂಬದ ಕೂಸಿನ ಕರುಳು ಕೊಳೆಯೋ ಆ ಭಯಂಕರ ಕಾಯಿಲೆ ತಪ್ಪಲಿ, ಕೂಸು ಬದುಕಲಿ ಅಂತ ಕೊಟ್ಟರು. ಹಾಲನ್ನ ಅವರು ನೋಡಿದ್ದು ಊಟ ಮತ್ತು ರಕ್ಷಣೆ ಅಂತ. ಹೃದಯದ ಸಂಶೋಧಕರೂ ಹಾಲನ್ನ ನೋಡ್ತಿದ್ದದ್ದು ಇಂಧನದ ಟ್ಯಾಂಕರ್ ಅಂತಲೇ. ಕೊಬ್ಬು ಬಂತು, ಹೃದಯ ಸುಟ್ಟಿತು. ಅಷ್ಟೇ.

ಅದು ಅಷ್ಟೇ ಅಲ್ಲ ಅಂತ ಗೊತ್ತಾಗಿದ್ದು 2023ರ ಮೇ ತಿಂಗಳಲ್ಲಿ. ಸ್ಪೇನಿನ ಮ್ಯಾಡ್ರಿಡ್‌ನಲ್ಲಿರೋ ಹೃದಯ ಸಂಶೋಧನಾ ಕೇಂದ್ರದ ಮರ್ಸಿಡೀಸ್ ರಿಕೋಟೆ, ಆನಾ ಪರೇದೆಸ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಹೃದಯದ ಜೀವಕೋಶದೊಳಗೆ ಆರ್‌ಎಕ್ಸ್‌ಆರ್ ಅನ್ನೋ ಪ್ರೋಟೀನು ಭ್ರೂಣದ ಹಂತದಿಂದಲೇ ಕೂತಿರುತ್ತೆ. ತಾಯಿಯ ಹಾಲಿನಲ್ಲಿರೋ ಗಾಮಾ-ಲಿನೋಲೆನಿಕ್ ಆಮ್ಲ ಅನ್ನೋ ಒಂದು ಕೊಬ್ಬಿನಾಮ್ಲ ಬಂದು ಅದಕ್ಕೆ ಅಂಟಿಕೊಳ್ಳುತ್ತೆ. ಆಗ ಅದು ಎಚ್ಚೆತ್ತು, ಮೈಟೊಕಾಂಡ್ರಿಯಾದಲ್ಲಿ ಕೊಬ್ಬು ಸುಡೋಕೆ ಬೇಕಾದ ಜೀನ್‌ಗಳ ಒಂದು ಸಾಲನ್ನೇ ಆನ್ ಮಾಡುತ್ತೆ. ಇಲಿಮರಿಗಳ ಹೃದಯದಲ್ಲಿ ಆರ್‌ಎಕ್ಸ್‌ಆರ್ ಇಲ್ಲದ ಹಾಗೆ ಮಾಡಿದರೆ ಹೃದಯ ಸಕ್ಕರೆಯನ್ನೇ ಹಿಡಿದು ಕೂರುತ್ತೆ, ಕೊಬ್ಬಿನಿಂದ ಶಕ್ತಿ ತೆಗೆಯಲಾರದೆ ಸೋಲುತ್ತೆ, ಮರಿ ಹುಟ್ಟಿದ ಸ್ವಲ್ಪದರಲ್ಲೇ ಸಾಯುತ್ತೆ.

ನಮ್ಮ ಭಾಷೆಯಲ್ಲಿ ಹೇಳೋದಾದರೆ ಕೋಡ್ ಮೊದಲೇ ಡಿಪ್ಲಾಯ್ ಆಗಿದೆ, ಫೀಚರ್ ಫ್ಲ್ಯಾಗ್ ಆಫ್ ಇದೆ. ಫ್ಲ್ಯಾಗ್ ಆನ್ ಮಾಡೋ ಸಂದೇಶ ಹಾಲಿನಲ್ಲಿ ಬರುತ್ತೆ. ಹೊಸ ಇಂಧನವೂ ಅದೇ ಹಾಲಿನಲ್ಲಿ. ಟ್ಯಾಂಕರ್ ಜೊತೆಗೇ ಇಂಜಿನ್ ಬದಲಾಯಿಸೋ ಆದೇಶವೂ ಬಂದ ಹಾಗೆ. ಇದನ್ನ ಓದಿದ ದಿನ ನಾನು ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಆದರೆ ಇದನ್ನ ವಾಟ್ಸಾಪ್ ಫಾರ್ವರ್ಡ್ ಮಾಡಬೇಡಿ, ದಯವಿಟ್ಟು. ಇದು ಇಲಿಗಳಲ್ಲಿ ಕಂಡದ್ದು. ಹೃದಯದ ಬದಲಾವಣೆಗೆ ಇದೊಂದೇ ಸಂದೇಶ ಅಲ್ಲ, ಆಮ್ಲಜನಕ, ಹಾರ್ಮೋನು ಎಲ್ಲ ಸೇರಿ ನಡೆಸೋ ಕೆಲಸ. ಹಾಲು ಬಾರದೆ ಫಾರ್ಮುಲಾ ಕೊಟ್ಟ ತಾಯಂದಿರು ಇದನ್ನ ಓದಿ ಕಣ್ಣೀರು ಹಾಕೋದು ಬೇಡವೇ ಬೇಡ. ಫಾರ್ಮುಲಾದಲ್ಲಿರೋ ಲಿನೋಲಿಕ್ ಆಮ್ಲದಿಂದ ದೇಹ ಗಾಮಾ-ಲಿನೋಲೆನಿಕ್ ಆಮ್ಲವನ್ನ ತಯಾರಿಸಿಕೊಳ್ಳಬಲ್ಲದು, ಫಾರ್ಮುಲಾ ಕುಡಿದು ಬೆಳೆದವರ ಹೃದಯವೂ ಬಡೀತಾನೇ ಇದೆ. ನಾಳೆ ಯಾವುದಾದರೂ ಕಂಪನಿ ‘ಹೃದಯ ಬೂಸ್ಟರ್’ ಅಂತ ಡಬ್ಬಿ ತಂದರೆ ನಗಿ, ಕೊಳ್ಳಬೇಡಿ. ಬ್ಯಾಂಕಿನ ಹಾಲು ಕಾಯಿಸಿದಾಗ ಕೊಬ್ಬು ಅರಗಿಸೋಕೆ ನೆರವಾಗೋ ಕಿಣ್ವ ಹಾಳಾಗುತ್ತೆ, ಹಾಗಾಗಿ ದಿನ ತುಂಬದ ಕೂಸು ಆ ಕೊಬ್ಬನ್ನ ಪೂರ್ತಿ ಹೀರಿಕೊಳ್ಳಲ್ಲ. ಕೊಬ್ಬಿನಾಮ್ಲಗಳು ಮಾತ್ರ ಹೆಚ್ಚಿನ ಮಟ್ಟಿಗೆ ಉಳಿದುಕೊಳ್ತವೆ. ಅದಕ್ಕೇ ಸ್ವಂತ ತಾಯಿಯ ಹಾಲು ಮೊದಲು, ಬ್ಯಾಂಕಿನದು ಎರಡನೆಯದು ಅನ್ನೋದು ಡಾಕ್ಟರುಗಳ ಸರದಿ.

ಬೆಲ್ಲದ ನೀರಿನ ವಿಷಯಕ್ಕೂ ನ್ಯಾಯ ಮಾಡಬೇಕು. ಕೂಸಿನ ರಕ್ತದಲ್ಲಿ ಸಕ್ಕರೆ ತೀರ ಇಳಿದರೆ ಡಾಕ್ಟರುಗಳೇ ಅಳತೆ ಮಾಡಿ ಗ್ಲೂಕೋಸ್ ಕೊಡ್ತಾರೆ. ಹಾಗಾಗಿ ಸಕ್ಕರೆ ವಿಷ ಅಲ್ಲ, ಅತ್ತೆಯ ತರ್ಕ ದಡ್ಡತನವೂ ಅಲ್ಲ. ಆದರೆ ಮನೆಯ ಬೆಲ್ಲದ ನೀರಿನಲ್ಲಿ ಕ್ರಿಮಿ ಇರುತ್ತೆ, ಜೇನಿನಲ್ಲಿ ಬಾಟುಲಿಸಂ ತರೋ ಬೀಜಾಣು ಇರಬಹುದು, ಮತ್ತು ಒಂದು ಚಮಚ ಹಿಡಿಯೋ ಹೊಟ್ಟೆಯಲ್ಲಿ ಹಾಲಿನ ಜಾಗವನ್ನ ಅದು ತಿಂದುಬಿಡುತ್ತೆ. ನಮ್ಮ ಕಡೆ ಇನ್ನೊಂದು ವಿಚಿತ್ರ ಇದೆ ನೋಡಿ. ಎಮ್ಮೆ ಈದರೆ ಗಿಣ್ಣದ ಹಾಲಿಗೆ ಓಣಿಯೆಲ್ಲ ಕಾಯುತ್ತೆ, ಏಲಕ್ಕಿ ಹಾಕಿ ಕಾಸಿ ಹಂಚ್ತಾರೆ. ತಾಯಿಯ ಗಿಣ್ಣು ಹಾಲು ಮಾತ್ರ ‘ಹಳೇ ಹಾಲು, ಕೆಟ್ಟದ್ದು’ ಅಂತ ಹಿಂಡಿ ಚೆಲ್ಲಿಸಿದ ಮನೆಗಳನ್ನ ನಾನೇ ಕಂಡಿದ್ದೇನೆ.

ಉತ್ತರ ಕರ್ನಾಟಕದವರು ತಿಳಿದಿರಬೇಕಾದ ಇನ್ನೊಂದು ಸಂಗತಿ. ಕೊಬ್ಬು ಸುಡೋ ಯಂತ್ರದ ಯಾವುದಾದರೂ ಭಾಗ ಹುಟ್ಟಿನಿಂದಲೇ ಕೆಟ್ಟಿರೋ ಕೂಸುಗಳೂ ಇರ್ತವೆ. ಅಪರೂಪ, ಆದರೆ ಇರ್ತವೆ. ಕೊಬ್ಬಿನಾಮ್ಲವನ್ನ ಬಾಗಿಲು ದಾಟಿಸೋ ಕಾರ್ನಿಟಿನ್ ಕೊರತೆ, ಕತ್ತರಿಸೋ ಕಿಣ್ವದ ಕೊರತೆ. ಹೊಟ್ಟೆಯೊಳಗೆ ಸಕ್ಕರೆ ಮೇಲೆ ಚೆನ್ನಾಗೇ ಇದ್ದ ಕೂಸು, ಹುಟ್ಟಿದ ಮೇಲೆ ಒಂದು ರಾತ್ರಿ ಊಟ ತಪ್ಪಿದರೆ ಕುಸಿಯುತ್ತೆ. ಕೆಲವು ಬಗೆಯಲ್ಲಿ ಹೃದಯವೇ ದಪ್ಪಗಾಗಿ ದುರ್ಬಲ ಆಗುತ್ತೆ. ತಂದೆ ತಾಯಿ ಇಬ್ಬರಿಂದಲೂ ಅದೇ ದೋಷದ ಜೀನ್ ಬಂದಾಗ ಆಗೋದು ಇದು. ಸೋದರಮಾವನಿಗೇ, ಅತ್ತೆಯ ಮಗನಿಗೇ ಕೊಡೋ ನಮ್ಮ ಮನೆಗಳಲ್ಲಿ ಅದರ ಸಾಧ್ಯತೆ ಹೆಚ್ಚು. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ಕರ್ನಾಟಕದಲ್ಲಿ ಲಕ್ಷದ ಆಸುಪಾಸಿನಷ್ಟು ನವಜಾತ ಶಿಶುಗಳ ರಕ್ತ ಪರೀಕ್ಷೆ ಮಾಡಿದ್ದರು. ಅವರು ಹುಡುಕಿದ್ದು ಅಮೈನೋ ಆಮ್ಲದ ದೋಷಗಳನ್ನ, ಕೊಬ್ಬಿನದಲ್ಲ. ಆದರೆ ಆ ಕೂಸುಗಳಲ್ಲಿ ಸುಮಾರು ಮೂರನೇ ಒಂದು ಭಾಗ ರಕ್ತಸಂಬಂಧದ ಮದುವೆಗಳಲ್ಲಿ ಹುಟ್ಟಿದವು ಅಂತ ದಾಖಲಾಗಿದೆ. ಈಗ ಹಿಮ್ಮಡಿ ಚುಚ್ಚಿ ತೆಗೆದ ಒಂದೆರಡು ಹನಿ ರಕ್ತದಲ್ಲಿ ಕೊಬ್ಬಿನ ದೋಷಗಳನ್ನೂ ನೋಡೋ ಪರೀಕ್ಷೆ ಇದೆ. ನಿಮ್ಮ ಮನೆಯಲ್ಲಿ ಒಳಸಂಬಂಧ ಇದ್ದು ಕೂಸಿನ ನಿರೀಕ್ಷೆ ಇದ್ದರೆ ಡಾಕ್ಟರ್ ಹತ್ತಿರ ಇದನ್ನ ಬಾಯಿಬಿಟ್ಟು ಕೇಳಿ. ಬೆಂಗಳೂರಿನಲ್ಲಿರೋರಿಗೆ ಇನ್ನೊಂದು ಮಾತು, ವಾಣಿವಿಲಾಸ ಆಸ್ಪತ್ರೆಯಲ್ಲೂ ಈಗ ‘ಅಮೃತಧಾರೆ’ ಅನ್ನೋ ಹಾಲಿನ ಬ್ಯಾಂಕ್ ಇದೆ.

ಈ ಬದಲಾವಣೆಗೆ ಬೆಲೆಯೂ ಇದೆ. ಹುಟ್ಟಿದ ಮೊದಲ ದಿನದ ಇಲಿಮರಿಯ ಹೃದಯದ ತುದಿ ಕತ್ತರಿಸಿದರೆ ಮತ್ತೆ ಬೆಳೆಯುತ್ತೆ, ಏಳನೇ ದಿನ ಬೆಳೆಯಲ್ಲ. ಇದನ್ನ ಟೆಕ್ಸಾಸ್‌ನ ತಂಡ 2011ರಲ್ಲಿ ತೋರಿಸಿತು. 2014ರಲ್ಲಿ ಹೇಶಮ್ ಸಾದೆಕ್ ತಂಡ ಅದಕ್ಕೆ ಒಂದು ಕಾರಣ ಹೇಳಿತು. ಹೆಚ್ಚಿದ ಆಮ್ಲಜನಕ ಮತ್ತು ಮೈಟೊಕಾಂಡ್ರಿಯಾದ ಉರಿ ಜೀವಕೋಶದ ಡಿಎನ್‌ಎಗೆ ಪೆಟ್ಟು ಕೊಡುತ್ತೆ, ಅದರಿಂದ ಕೋಶಗಳು ಒಡೆದು ಹೆಚ್ಚಾಗೋದನ್ನೇ ನಿಲ್ಲಿಸ್ತವೆ. ಮತ್ತೆ ದೊಡ್ಡವರ ಹೃದಯ ಸೋಲೋಕೆ ಶುರುವಾದಾಗ ಭ್ರೂಣದ ಕಾಲದ ಜೀನ್‌ಗಳಲ್ಲಿ ಕೆಲವು ಮತ್ತೆ ಆನ್ ಆಗ್ತವೆ, ಸಕ್ಕರೆಯ ಕಡೆ ವಾಲೋದೂ ಉಂಟು. ಅದು ಕಾಪಾಡೋ ಪ್ರಯತ್ನವೋ, ಕೆಡೋ ಲಕ್ಷಣವೋ ಅನ್ನೋ ಜಗಳ ತಜ್ಞರಲ್ಲಿ ಇನ್ನೂ ಮುಗಿದಿಲ್ಲ. ಅದಕ್ಕೆ ಬೇರೆಯೇ ವಿಡಿಯೊ ಬೇಕು.

ಎರಡು ತಿಂಗಳ ಮೇಲೆ ಅತ್ತೆಯ ಮನೆಗೆ ಹೋದೆ. ಮೇಲಿನ ಮಾಳಿಗೆಯ ಖೋಲಿ, ಕಬ್ಬಿಣದ ಏಣಿ ಹತ್ತಿ. ಕೂಸು ಅಷ್ಟರಲ್ಲಿ ಮನೆಗೆ ಬಂದಿತ್ತು, ಕೆನ್ನೆ ತುಂಬಿಕೊಂಡಿತ್ತು. ಕೆಳಗೆ ಹೊಲಿಗೆ ಮಿಷನ್ನುಗಳ ಸದ್ದು. ಅದರ ನಡುವೆ, ಆಮ್ಲಜನಕ, ಬ್ರೇಕು, ಬಾಗಿಲು ಅಂತ ನನಗೆ ಬಂದ ಹಾಗೆ ಎಲ್ಲ ಹೇಳಿದೆ. ಅತ್ತೆ ಜೋಳದ ರೊಟ್ಟಿ ಬಡಿಯುತ್ತಲೇ ಕೇಳಿಸಿಕೊಂಡರು. ಕಡೆಗೆ, “ಹಂಗಾರ ಒಳಗಿದ್ದಾಗ ಸಕ್ರಿ, ಹೊರಗ ಬಂದಮ್ಯಾಲ ಕೆನಿ. ಇಷ್ಟ ಹೇಳಾಕ ಎರಡ ತಿಂಗಳಾತೇನೋ ನಿನಗ?” ಅಂದರು.

ಆಮೇಲೆ ಕೈ ಒರೆಸಿಕೊಂಡು ಇನ್ನೊಂದು ಪ್ರಶ್ನೆ ಕೇಳಿದರು. ಮೊದಲ ಎರಡು ದಿನ ನಮ್ಮ ಕೂಸಿಗೆ ಹಾಲು ಕೊಟ್ಟಾಕಿ ಯಾರು, ಯಾವ ಗಲ್ಲಿಯಾಕಿ, ಆಕಿಗೆ ಒಂದು ಸೀರಿ ಉಡಿಸಬೇಕಲ್ಲ ಅಂತ. ಹಾಲಿನ ಬ್ಯಾಂಕಿನವರು ಹೆಸರು ಹೇಳಲ್ಲ, ಮತ್ತು ಎಷ್ಟೋ ಸಲ ಒಂದೇ ಬಾಟಲಿಯಲ್ಲಿ ಹಲವು ತಾಯಂದಿರ ಹಾಲು ಕೂಡಿರುತ್ತೆ ಅಂತ ಹೇಳಿದೆ. ಅತ್ತೆ ರೊಟ್ಟಿ ತಿರುವಿ ಹಾಕಿ, “ಎಷ್ಟ ಸೀರಿ ಆಗತಾವ ಲೆಕ್ಕಾ ಮಾಡಿ ಹೇಳು” ಅಂದರು.